ಕಲ್ಲಿಗೆ ಕೊಟ್ಟ ಹೆಸರು

ಪ್ಯಾಸ್ಕೋನ ಹೆಬ್ಬೆರಳಿನ ಉಗುರು ಪಟ್ಟಿಯ ಮೇಲಿಂದ ಕೆಳಕ್ಕೆ ಜಾರುತ್ತ ಬಂದು ಹನ್ನೊಂದನೆಯ ಹೆಸರಿನ ಹತ್ತಿರ ನಿಂತಿತು. ಉಗುರಿನ ಸಂದಿಯಲ್ಲಿ ಹಿಟ್ಟೋ ಸಕ್ಕರೆಯೋ ಬೆಳ್ಳಗೆ ಕೂತಿತ್ತು. ಥೆಕ್ಲಾ ಮೊದಲು ನೋಡಿದ್ದು ಹೆಸರನ್ನಲ್ಲ, ಆ ಉಗುರನ್ನು. ಆರು ವರ್ಷ ಇದೇ ಅಂಗಡಿಯ ಕಟ್ಟೆಯ ಆಚೆ ಬದಿಯಲ್ಲಿ, ಈ ಉಗುರಿನ ಪಕ್ಕದಲ್ಲಿ ನಿಂತು ಬೆಣ್ಣೆ ಕತ್ತರಿಸಿದವಳಿಗೆ ಅದು ಎಂದೂ ಪೂರ್ತಿ ಶುಚಿಯಾಗಿದ್ದ ನೆನಪಿಲ್ಲ. ಹೊರಗೆ ಜನವರಿಯ ನಡುಬೇಸಿಗೆಯ ಬಿಸಿಲು ಗೆರಂಬುಕ್‌ನ ಒಂದೇ ಬೀದಿಯನ್ನು ಬಿಳಿಚಿಸಿಬಿಟ್ಟಿತ್ತು. ರೈಲು ನಿಲ್ದಾಣದ ಬದಿಯಲ್ಲಿ ಗೋಧಿ ಹೇರಿದ ಲಾರಿಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲೊಂದರಲ್ಲಿ ಅವಳ ಅಪ್ಪ ಟ್ರೌಗೊಟ್ ನೂಸ್ಕೆ ಈ ಸುಗ್ಗಿಯ ಕೊನೆಯ ಚೀಲಗಳ ಮೇಲೆ ಟೋಪಿ ಮುಖಕ್ಕಿಳಿಸಿಕೊಂಡು ಕೂತಿದ್ದ. ಅವಳು ಬಂದದ್ದು ಚೀಲ ಹೊಲಿಯುವ ಹುರಿಗೆ. ಮನೆಯಲ್ಲಿ ಇನ್ನೂ ಹತ್ತು ಹನ್ನೆರಡು ಚೀಲ ಕಾಳು ಬಾಯಿ ತೆರೆದುಕೊಂಡು ನಿಂತಿದ್ದವು, ಮುಂದಿನ ಬಿತ್ತನೆಯ ಬೀಜ.

"ಇ. ನ್ಯೂಸನ್," ಎಂದು ಪ್ಯಾಸ್ಕೋ ಓದಿದ. ಅಂಗಡಿಯ ಜೊತೆಗೆ, ಯುದ್ಧದಲ್ಲಿ ಸತ್ತ ಊರ ಹುಡುಗರ ಸ್ಮಾರಕ ಸಮಿತಿಯ ಕಾರ್ಯದರ್ಶಿಗಿರಿಯನ್ನೂ ನಡೆಸುವವನು ಅವನು. "ಏಪ್ರಿಲ್‌ಗೆ ಕಲ್ಲು ನಿಲ್ಲಿಸ್ತೀವಿ. ಅಕ್ಷರ ಸರಿಯಿದೆಯಾ ಅಂತ ಒಂದ್ಸಲ ನೋಡಿ ರುಜು ಹಾಕ್ಬಿಡಮ್ಮ ಥೆಕ್ಲಾ. ಎಲ್ಲಾ ಮನೆಯೋರದ್ದೂ ತಗೋತಾ ಇದೀನಿ."

"ಇದು ನಮ್ಮನೆ ಹೆಸರಲ್ಲ."

"ಅವನೇ ಬರೆದುಕೊಟ್ಟ ಹೆಸರು. ವಾಯುಪಡೆ ಕಾಗದದಲ್ಲೂ ಹೀಗೇ ಇದೆ."

"ಅವನು ನನ್ನ ತಮ್ಮ, ಎವಾಲ್ಡ್ ನೂಸ್ಕೆ. ನಿಮಗೆ ಗೊತ್ತಿಲ್ವಾ? ಇದೇ ಅಂಗಡೀಲಿ ಚಡ್ಡಿ ಹಾಕ್ಕೊಂಡು ಬಂದು ಕಡ್ಡಿ ಮಿಠಾಯಿ ತಿಂದೋನು."

ಪ್ಯಾಸ್ಕೋ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದ. ಒಳ್ಳೆಯ ಮಾತು ಹೇಳುವ ಮೊದಲು ಅವನು ಹಾಗೆ ಮಾಡುತ್ತಾನೆ. "ನೋಡು ಥೆಕ್ಲಾ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ಈ ಪಟ್ಟೀಲಿರೋ ಹುಡುಗರಲ್ಲಿ ಆರು ಜನರನ್ನ ಕೊಂದೋರು ಯಾರು? ಆ ತಾಯಂದಿರು ಹೂ ಇಡೋಕೆ ಬರ್ತಾರೆ. ಮಗನ ಹೆಸರಿನ ಕೆಳಗೇ ನೂಸ್ಕೆ ಅಂತ ಜರ್ಮನ್ ಹೆಸರು ಓದಬೇಕಾದ್ರೆ ಅವರಿಗೆ ಹ್ಯಾಗನ್ಸತ್ತೆ? ಹುಡುಗ ತಾನೇ ಬುದ್ಧಿವಂತಿಕೆ ಮಾಡಿ ಬಿಟ್ಟ ಹೆಸರನ್ನ ನಾವ್ಯಾಕೆ ಮತ್ತೆ ಕೆದಕಬೇಕು?"

ನನಗೇನೂ ಇಲ್ಲ ಥೆಕ್ಲಾ, ಗಿರಾಕಿಗಳದ್ದು, ಎಂದು ಹಿಂದೊಮ್ಮೆಯೂ ಹೇಳಿದ್ದ. ಅದೇ ದನಿ, ಅದೇ ಕನ್ನಡಕ ಒರೆಸುವಿಕೆ. ನಲವತ್ತನೆಯ ಇಸವಿಯ ಚಳಿಗಾಲದಲ್ಲಿ ಶ್ರೀಮತಿ ಕ್ರೌದರ್ ಕಟ್ಟೆಯ ಮುಂದೆ ನಿಂತು, "ಅವಳ ಕೈಯದ್ದು ಬೇಡ, ನೀವೇ ಕತ್ತರಿಸಿಕೊಡಿ," ಎಂದಾಗ ಥೆಕ್ಲಾಳ ಕೈಯಲ್ಲಿ ಬೆಣ್ಣೆ ಕತ್ತರಿಸುವ ತಂತಿ ಹಾಗೇ ಇತ್ತು. ಪ್ಯಾಸ್ಕೋ ಬಂದು ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ, ಮಗುವಿನ ಕೈಯಿಂದ ಚಾಕು ತೆಗೆಯುವ ಹಾಗೆ. ಶನಿವಾರ ಕೆಲಸ ಬಿಡಿಸುವಾಗ ಒಂದು ಡಬ್ಬ ಬಿಸ್ಕತ್ತು ಕೊಟ್ಟ. ಅವಳು ಥ್ಯಾಂಕ್ಸ್ ಎಂದಳು. ಎಂಟು ವರ್ಷವಾಗುತ್ತ ಬಂದರೂ ಆ ಥ್ಯಾಂಕ್ಸ್ ಅವಳನ್ನು ಹಾಲು ಕರೆಯುವಾಗ, ಬಟ್ಟೆ ಒಣಹಾಕುವಾಗ ಇದ್ದಕ್ಕಿದ್ದಂತೆ ಬಂದು ಚುಚ್ಚುತ್ತದೆ. ಡಬ್ಬವನ್ನು ದಾರಿಯ ಚರಂಡಿಗೆ ಎಸೆದಿದ್ದರೆ ಆಗುತ್ತಿತ್ತು. ಎಸೆಯಲಿಲ್ಲ. ಮೂರು ಮೈಲಿ ಹೊತ್ತುಕೊಂಡು ಹೋದಳು, ಮನೆಯಲ್ಲಿ ಎವಾಲ್ಡ್ ಅದನ್ನು ತೆರೆದು, ಯಾವ ಹಬ್ಬ ಎಂದು ಕೇಳಿದ, ಇಬ್ಬರೂ ತಿಂದರು. ಅದಕ್ಕೆ ಎರಡು ವಾರ ಮೊದಲು ಅಪ್ಪನನ್ನು ಹಿಡಿದುಕೊಂಡು ಹೋಗಿದ್ದರು. ಗುರುವಾರ ಮಧ್ಯಾಹ್ನ, ಊಟದ ಮೇಜಿನಿಂದ. ಜರ್ಮನ್ ಶಾಲೆಯ ಸಂಘಕ್ಕೆ ಹತ್ತು ವರ್ಷ ಖಜಾಂಚಿಯಾಗಿದ್ದದ್ದು ಒಂದು ತಪ್ಪು. ಮನೆಯಲ್ಲಿ ರೇಡಿಯೋ ಇದ್ದದ್ದು ಇನ್ನೊಂದು ತಪ್ಪು. ಊಟ ಮುಗಿಸಿ ತೆಗೆದಿಟ್ಟ ಅಪ್ಪನ ಕಟ್ಟುಹಲ್ಲು ಅಡಿಗೆಮನೆಯ ಲೋಟದಲ್ಲಿ ನೆನೆಯುತ್ತಿತ್ತು. ಬೊಚ್ಚುಬಾಯಿಯಲ್ಲಿ ಆತ, ನಾನು ಹುಟ್ಟಿದ್ದು ಇದೇ ಊರಲ್ಲಿ, ನನ್ನಪ್ಪ ಹುಟ್ಟಿದ್ದೂ ಇದೇ ಊರಲ್ಲಿ ಎಂದು ಪೋಲೀಸರಿಗೆ ಹೇಳಿದಾಗ ಮಾತು ಫೂ ಫೂ ಎಂದು ಗಾಳಿಯಾಗಿ ಬಂತು. ಚಿಕ್ಕ ಪೋಲೀಸಿನವನು ನಕ್ಕ. ಕೆಟ್ಟದಾಗಿಯೇನೂ ಅಲ್ಲ, ಯಾರಾದರೂ ನಗುತ್ತಿದ್ದರು. ಥೆಕ್ಲಾಳಿಗೇ ಒಂದು ಗಳಿಗೆ ನಗು ಬಂದಿತ್ತು. ಅದನ್ನು ಅವಳು ಯಾರಿಗೂ ಹೇಳಿಲ್ಲ.

"ರುಜು ಹಾಕಲ್ಲ," ಎಂದಳು.

"ಹಾಗಾದ್ರೆ ಮೂರು ಗಂಟೆಗೆ ಸಭಾಭವನದಲ್ಲಿ ಸಮಿತಿ ಇದೆ. ಬಂದು ಹೇಳ್ಕೋ. ನಾನೊಬ್ಬನೇ ಏನು ಮಾಡ್ಲಿ?" ಎಂದು ಪ್ಯಾಸ್ಕೋ ಪಟ್ಟಿಯನ್ನು ಮಡಚಿದ. ಹುರಿಯ ಉಂಡೆಯನ್ನು ಕಾಗದದಲ್ಲಿ ಸುತ್ತಿ ಕೊಡುತ್ತ, "ಅಪ್ಪಂಗೆ ಕೇಳ್ದೆ ಅಂತ ಹೇಳಮ್ಮ," ಎಂದ.

ಬೀದಿಗಿಳಿದಾಗ ಕಣ್ಣು ಕತ್ತಲಿಟ್ಟಿತು. ಅವನೇ ಬರೆದುಕೊಟ್ಟ ಹೆಸರು. ಸುಳ್ಳಲ್ಲ. ಆದರೆ ಬರೆಯಿಸಿದವಳು ಅವಳು. ಆಗ ಅಪ್ಪ ತತುರಾದ ಬಂದಿಶಿಬಿರದ ಮುಳ್ಳುತಂತಿಯೊಳಗೆ ಸೇರಿ ಒಂದೂವರೆ ವರ್ಷವಾಗಿತ್ತು. ಸಂಜೆ ಹಾಲು ಕರೆಯುವ ಹೊತ್ತು. ಅವಳು ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತಿದ್ದಳು, ಎವಾಲ್ಡ್ ಬಾಗಿಲಲ್ಲಿ ನಿಂತು ಬೇಲಿಯ ತಂತಿ ಯಾರೋ ಕತ್ತರಿಸಿದ್ದಾರೆ ಎಂದು ಹೇಳುತ್ತಿದ್ದ, ಕುರಿಗಳೆಲ್ಲ ರಸ್ತೆಗೆ ಹೋಗಿದ್ದವಂತೆ. ಹೇಳುವ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಮಳೆ ಬಂತು ಎನ್ನುವ ಹಾಗೆ ಹೇಳಿದ. ಅವಳಿಗೆ ಮೈಯೆಲ್ಲ ಉರಿಯಿತು. "ಹೋಗಿ ಸೇರ್ಕೋ," ಎಂದಳು. "ಒಂದು ಸಮವಸ್ತ್ರ ಈ ಮನೆ ಬಾಗಿಲಲ್ಲಿ ಕಂಡ್ರೆ ಸಾಕು, ಎಲ್ಲರ ಬಾಯಿ ಮುಚ್ಚತ್ತೆ. ಅಪ್ಪನ್ನೂ ಬಿಡ್ತಾರೆ."

"ಬೇಸಾಯಗಾರರಿಗೆ ಹೋಗಲೇಬೇಕು ಅಂತಿಲ್ವಲ್ಲ."

"ಹೋಗದಿದ್ರೆ ಹೇಡಿ ಅಂತಾರೆ. ಹಂದಿ ಕೊಯ್ಯೋವಾಗ ಕಿವಿ ಮುಚ್ಕೊಂಡು ಹೊಲಕ್ಕೆ ಓಡೋನು ಇನ್ನೇನು ಅಂತಾರೆ."

"ಯಾರಂತಾರೆ?"

"ನಾನಂತೀನಿ."

ಎವಾಲ್ಡ್ ಬಾಗಿಲಿನಿಂದ ಸರಿದ ಮೇಲೂ ಅವಳು ತಲೆಯೆತ್ತದೆ ಕರೆಯುತ್ತಲೇ ಇದ್ದಳು. ಮರುವಾರ ಇಬ್ಬರೂ ಅಡಿಗೆಮನೆಯ ಮೇಜಿನ ಹತ್ತಿರ ಕೂತು ಹೊಸ ಸಹಿ ಅಭ್ಯಾಸ ಮಾಡಿದರು. ಆ ಹೆಸರನ್ನು ಅವಳು ಹುಡುಕಿದ್ದು ಬಿತ್ತುವ ಯಂತ್ರದ ಒಂದು ಜಾಹೀರಾತಿನಲ್ಲಿ. ನೂಸ್ಕೆ ಮನೆಯವನನ್ನು, ಅಪ್ಪ ಬಂದಿಯಾಗಿರುವವನನ್ನು, ವಿಮಾನದ ಹತ್ತಿರವೂ ಬಿಡುವುದಿಲ್ಲ. ನ್ಯೂಸನ್ ಆದರೆ ಬಿಡುತ್ತಾರೆ. ಅವನ ಕೈ ಮೊದಲರ್ಧ ಬರೆದು ಹಳೆಯ ಅಕ್ಷರಗಳ ಕಡೆಗೇ ತಿರುಗುತ್ತಿತ್ತು. ಅವಳು ಶಾಲೆಯ ಮೇಡಮ್ಮಿನ ಹಾಗೆ ಬೆರಳ ಗೆಣ್ಣಿಗೆ ಚಮಚದಿಂದ ತಟ್ಟುತ್ತಿದ್ದಳು. ಇಬ್ಬರೂ ನಕ್ಕರು. ಹದಿಮೂರಕ್ಕೇ ಶಾಲೆ ಬಿಟ್ಟವನಿಗೆ ಪೈಲಟ್ ಕೆಲಸ ಯಾರು ಕೊಡುತ್ತಾರೆ. ಬಾಂಬರ್ ವಿಮಾನದ ಗನ್ನರ್ ಮಾಡಿದರು. ಮೊಲಕ್ಕೆ ಹೊಡೆದ ಗುಂಡನ್ನೂ ಗುರಿ ಮುಟ್ಟಿಸಲಾರದವನು ಅವನು. ಅಥವಾ ಮುಟ್ಟಿಸಲು ಮನಸ್ಸಿಲ್ಲದವನು. ಅದು ಯಾವುದೆಂದು ಅವಳು ಕೇಳಿರಲಿಲ್ಲ, ಈಗ ಕೇಳಲು ಅವನಿಲ್ಲ.

ನಿಲ್ದಾಣದ ಬದಿಯಲ್ಲಿ ಅವರ ಲಾರಿಗೆ ಸರದಿ ಬಂದಿತ್ತು. ಅಪ್ಪ ಚೀಲಗಳನ್ನು ಅಂಚಿಗೆ ಎಳೆದು ಕೊಡುತ್ತಿದ್ದ, ಕೂಲಿಯವರು ಬೆನ್ನಿಗೆ ತೆಗೆದುಕೊಂಡು ರಾಶಿಯ ಕಡೆ ಓಡುತ್ತಿದ್ದರು. ಅರವತ್ತೆಂಟರ ಮುದುಕ. ಸೊಂಟ ನೋವೆಂದು ಬೆಳಿಗ್ಗೆ ಹಾಸಿಗೆಯಿಂದ ಏಳಲು ಅವಳ ಕೈ ಬೇಕು, ಇಲ್ಲಿ ಬಂದರೆ ಯಾರಿಗೂ ಚೀಲ ಮುಟ್ಟಲು ಬಿಡುವುದಿಲ್ಲ. ಅವಳು ಕೆಳಗೆ ನಿಂತು, ಮನೆಯ ಜರ್ಮನ್ ಮಾತಿನಲ್ಲಿ, ಪ್ಯಾಸ್ಕೋನ ಪಟ್ಟಿಯ ವಿಷಯ ಹೇಳಿದಳು. ಇಂಥ ಜಾಗದಲ್ಲಿ ಆ ಮಾತಾಡಬಾರದೆಂದು ಅಪ್ಪನೇ ನಿಷೇಧಿಸಿದ್ದ, ಬೇಕೆಂದೇ ಆಡಿದಳು. ಕೂಲಿಯೊಬ್ಬ ತಿರುಗಿ ನೋಡಿದ.

ಅಪ್ಪ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. "ನ್ಯೂಸನ್ ಅನ್ನೋನು ಯಾರೋ ನನಗೆ ಗೊತ್ತಿಲ್ಲ. ಬೇಕಾದ್ರೆ ಕೆತ್ಕೊಳ್ಲಿ."

"ಅವನು ನಿಮ್ಮ ಮಗ."

"ನನ್ನ ಮಗನ ಹೆಸರು ಬೇರೆ ಇತ್ತು. ಚೀಲ ಕಾಯ್ತಾ ಇದೆ, ಸರಿ ಪಕ್ಕಕ್ಕೆ."

ಅವಳು ಸರಿದಳು. ಕೈಯಲ್ಲಿದ್ದ ಹುರಿಯ ಪೊಟ್ಟಣವನ್ನು ಹಿಚುಕಿ ಹಿಚುಕಿ ಕಾಗದ ಹರಿದಿತ್ತು. ಇದೇ ಮಾತು, ಇದೇ ತಣ್ಣಗಿನ ದನಿ. ನಲವತ್ಮೂರರಲ್ಲಿ ಅಪ್ಪನನ್ನು ಬಿಟ್ಟಿದ್ದರು. ಅವಳು ಕಳಿಸಿಕೊಟ್ಟಿದ್ದ ಹಲ್ಲು ಹಾಕಿಕೊಂಡು, ಇಪ್ಪತ್ತು ಪೌಂಡು ಇಳಿದು ಮನೆಗೆ ಬಂದವನು ಮಗ ಎಲ್ಲಿ ಎಂದು ಒಂದು ಸಲ ಕೇಳಿದ, ಅವಳು ಹೇಳಿದ್ದನ್ನು ಕೇಳಿಸಿಕೊಂಡು ಮತ್ತೆ ಕೇಳಲಿಲ್ಲ. ಅದೇ ವರ್ಷದ ಕೊನೆಗೆ ಎವಾಲ್ಡ್ ಹಡಗು ಹತ್ತುವ ಮೊದಲಿನ ರಜೆಗೆಂದು ಬಂದ. ಕಡುನೀಲಿ ಸಮವಸ್ತ್ರ, ಎದೆಯ ಮೇಲೆ ಗನ್ನರ್‌ನ ಒಂಟಿ ರೆಕ್ಕೆಯ ಬಿಲ್ಲೆ. ಊರಿನ ಬೀದಿಯಲ್ಲಿ ನಡೆದು ಬರುವಾಗ ಪ್ಯಾಸ್ಕೋ ಹೊರಗೆ ಬಂದು ಕೈ ಕುಲುಕಿದನಂತೆ. ಅಪ್ಪ ಮನೆಯ ಹಿಂದೆ ಒಲೆಗೆ ಬೇರುಗಟ್ಟಿಗೆ ಸೀಳುತ್ತಿದ್ದ. ಕೊಡಲಿ ಇಳಿಸಲಿಲ್ಲ. ಮಗನನ್ನು ಟೋಪಿಯಿಂದ ಬೂಟಿನವರೆಗೆ ನೋಡಿ, ಜರ್ಮನ್‌ನಲ್ಲಿ, ಬಹಳ ಮರ್ಯಾದೆಯಿಂದ, "ಬನ್ನಿ ನ್ಯೂಸನ್ ಅವರೇ. ತಾವು ಯಾರನ್ನ ನೋಡಬೇಕಿತ್ತು?" ಎಂದ. ಎವಾಲ್ಡ್ ತಮಾಷೆಯೆಂದುಕೊಂಡು ನಕ್ಕ, ಕೈ ಚಾಚಿದ. ಚಾಚಿದ ಕೈ ಹಾಗೇ ಇತ್ತು. ಅಪ್ಪ ಇನ್ನೊಂದು ಬೇರು ಎತ್ತಿ ಇಟ್ಟು ಸೀಳಿದ. ಆ ಐದು ದಿನ ಮೂವರೂ ಒಂದೇ ಮೇಜಿನಲ್ಲಿ ಉಂಡರು, ಅಪ್ಪ ಪ್ರಾರ್ಥನೆ ಹೇಳಿದ, ಉಪ್ಪು ಬೇಕಾದಾಗ ಮಗಳನ್ನು ಕೇಳಿದ. ಆಗ ಥೆಕ್ಲಾ ಬಾಯಿ ಬಿಡಬಹುದಿತ್ತು. ಹೆಸರು ಹುಡುಕಿದವಳು ನಾನು, ಅವನನ್ನು ಬೈಯಬೇಡಿ, ನನ್ನನ್ನು ಬೈಯಿರಿ ಎನ್ನಬಹುದಿತ್ತು. ಆಲೂಗಡ್ಡೆ ಬಡಿಸಿದಳು.

ಅವನ ಕಾಗದಗಳು ಅವಳ ಹೆಸರಿಗೇ ಬಂದವು, ಇಂಗ್ಲೆಂಡಿನಿಂದ. ವಿಮಾನದ ಬಾಲದ ತುದಿಯಲ್ಲಿ ಗಾಜಿನ ಗೂಡು, ಅದರಲ್ಲಿ ಒಬ್ಬನೇ. ಬೆನ್ನ ಹಿಂದೆ ಬಾಗಿಲು ಹಾಕಿಕೊಳ್ಳುತ್ತದೆ. ಉಳಿದ ಆರು ಜನ ಮುಂದೆ, ಅವರ ದನಿ ಮಾತ್ರ ಕಿವಿಯಲ್ಲಿ. ಮಂಜು ಕಟ್ಟಿ ಕಾಣದೆಂದು ಎದುರಿನ ಗಾಜನ್ನೇ ಕಿತ್ತುಹಾಕಿದ್ದಾನಂತೆ. ಉಸಿರಿನ ಮುಖವಾಡದಿಂದ ಎಂಜಲು ಹಿಮದ ಕಡ್ಡಿಯಾಗಿ ಇಳಿಬಿದ್ದಿರುತ್ತದಂತೆ. 'ಎಲ್ಲರೂ ಹೋಗೋ ಕಡೆ ನೋಡ್ತಾರೆ, ನಾನು ಬಿಟ್ಟು ಬಂದ ಕಡೆ ನೋಡ್ತೀನಿ. ಬಾಂಬು ಬಿದ್ದ ಮೇಲೆ ವಿಮಾನ ತಿರುಗತ್ತೆ, ಅವರಿಗೆಲ್ಲ ಮುಗೀತು, ಕಾಫಿ ಕುಡೀತಾರೆ. ನನಗೆ ಊರು ಉರಿಯೋದು ಅರ್ಧ ಗಂಟೆ ಕಾಣ್ತಾನೇ ಇರತ್ತೆ ಥೆಕ್ಲಾ. ಸಣ್ಣದಾಗ್ತಾ ಹೋಗತ್ತೆ, ಆರೋದಿಲ್ಲ.' ಈ ಕಾಗದಕ್ಕೆ ಅವಳು ಏನು ಉತ್ತರ ಬರೆದಿದ್ದಳು? ಕೆಂಪು ಹಸು ಈದಿತೆಂದು ಬರೆದಿದ್ದಳು. ಊರಿನವರು ಈಗ ಅವಳನ್ನು ಮಾತಾಡಿಸುತ್ತಾರೆ, ಶ್ರೀಮತಿ ಕ್ರೌದರ್ ಕಾಲುಚೀಲ ಹೆಣೆಯುವ ಗುಂಪಿಗೆ ಕರೆದಳು ಎಂದು ಬರೆದಿದ್ದಳು. ಸಂತೋಷದಿಂದ ಬರೆದಿದ್ದಳು.

ಆಮೇಲೆ ನಲವತ್ನಾಲ್ಕರ ನವೆಂಬರಿನಲ್ಲಿ ಸುದ್ದಿ ಬಂತು. ವಿಮಾನ ಬಿದ್ದಾಗ ಸತ್ತನೆಂದು. ಅಪ್ಪ ಅದನ್ನು ಓದಿ ಬೈಬಲ್ಲಿನಲ್ಲಿ ಇಟ್ಟ. ಅಷ್ಟೇ ಅವಳಿಗೂ ಗೊತ್ತಿದ್ದದ್ದು, ಹೋದ ಚಳಿಗಾಲದಲ್ಲಿ ಲೆನ್ ಹ್ಯಾಲೊರನ್ ಬರುವವರೆಗೆ.

ಹ್ಯಾಲೊರನ್ ಅದೇ ವಿಮಾನದ ನ್ಯಾವಿಗೇಟರ್, ದಾರಿ ಲೆಕ್ಕ ಹಾಕುವವನು. ಬ್ಯಾಲರಾಟ್‌ನವನು, ಒಂದು ಕಾಲು ಸ್ವಲ್ಪ ಎಳೆಯುತ್ತಾನೆ. ಅಪ್ಪ ಕುರಿ ಸಂತೆಗೆ ಹೋಗಿದ್ದ ದಿನ. ಮೂರು ಬಟ್ಟಲು ಟೀ ಕುಡಿದ, ಕೇಕಿನ ಎರಡು ಹೋಳು ತಿಂದ, ಹವಾಮಾನ ಮಾತಾಡಿದ. ಎವಾಲ್ಡ್‌ನನ್ನು ವಾಲಿ ಎಂದ. ವಾಲಿ ಬಹಳ ಚೆನ್ನಾಗಿ ಬಟ್ಟೆಗೆ ತೇಪೆ ಹಾಕುತ್ತಿದ್ದ, ಎಲ್ಲರ ಕಾಲುಚೀಲ ಅವನೇ ಹೊಲಿಯುತ್ತಿದ್ದ ಎಂದ. ಹೋಗಲು ಎದ್ದವನು ಬಾಗಿಲಲ್ಲಿ ನಿಂತು ಮಿಕ್ಕದ್ದನ್ನೆಲ್ಲ ಹೇಳಿದ. ಕೂತು ಹೇಳಲಾಗದ್ದು. ಹಗಲಿನ ದಾಳಿ. ಎಂಜಿನ್‌ಗೆ ಬೆಂಕಿ ಹತ್ತಿತು, ಹಾರಿದರು. ವಾಲಿ ಗೂಡನ್ನು ತಿರುಗಿಸಿ ಬೆನ್ನು ಮುಂದಾಗಿ ಬಿದ್ದ, ಗಾಳಿಕೊಡೆ ಬಿಚ್ಚಿತು, ಒಂದು ಹಳ್ಳಿಯ ಪಕ್ಕದ ಟರ್ನಿಪ್ ಹೊಲದಲ್ಲಿ ಇಳಿದ, ಕೈಕಾಲು ನೆಟ್ಟಗಿದ್ದವು. ಹ್ಯಾಲೊರನ್ ಅದೇ ಹೊಲದ ಬದುವಿನಾಚೆಯ ಕಾಲುವೆಗೆ ಬಿದ್ದು ಕಾಲು ಮುರಿದುಕೊಂಡಿದ್ದ. ಹಳ್ಳಿಯವರು ಬಂದರು, ಇಪ್ಪತ್ತು ಮೂವತ್ತು ಜನ, ಗುದ್ದಲಿ ದೊಣ್ಣೆ ಹಿಡಿದುಕೊಂಡು. "ಪಕ್ಕದ ಊರು ಆಗ ಉರೀತಾ ಇತ್ತು," ಎಂದ ಹ್ಯಾಲೊರನ್. "ನಾವೇ ಹಾಕಿದ್ದು. ಅವರನ್ನ ಏನಂತೀರಿ." ವಾಲಿ ಎರಡೂ ಕೈ ಮೇಲೆತ್ತಿ ಅವರ ಭಾಷೆಯಲ್ಲಿ ಒಂದು ಮಾತು ಕೂಗಿದ. ಹ್ಯಾಲೊರನ್‌ಗೆ ಆ ಭಾಷೆ ಬರುತ್ತಿರಲಿಲ್ಲ. ಆದರೆ ಆ ಸದ್ದನ್ನು ಹಾಗೇ ಬಾಯಿಪಾಠ ಇಟ್ಟುಕೊಂಡು, ಬಂದಿಶಿಬಿರದಲ್ಲಿ ಗೊತ್ತಿದ್ದವನೊಬ್ಬನಿಂದ ಅರ್ಥ ಕೇಳಿ ತಿಳಿದ. ಬಾಗಿಲಲ್ಲಿ ನಿಂತು ಆ ಸದ್ದನ್ನು ಥೆಕ್ಲಾಳಿಗೆ ಒಪ್ಪಿಸಿದ, ತಪ್ಪುತಪ್ಪಾಗಿ, ಚರ್ಚಿನಲ್ಲಿ ಮಗು ವಚನ ಒಪ್ಪಿಸುವ ಹಾಗೆ. ಹೊಡೀಬೇಡಿ, ನಾನು ನಿಮ್ಮವನೇ. ಜನ ನಿಂತರಂತೆ. ಮುಂದಿದ್ದ ಮುದುಕ ಗುದ್ದಲಿ ಕೆಳಗಿಳಿಸಿ ಏನೋ ಕೇಳಿದನಂತೆ, ವಾಲಿ ಉತ್ತರ ಕೊಟ್ಟನಂತೆ, ಮುದುಕ ಇನ್ನೇನೋ ಕೇಳಿದನಂತೆ. ಮಾತುಕತೆಯ ಹಾಗೇ ಇತ್ತು ಎಂದ ಹ್ಯಾಲೊರನ್. ಆಗ ಹಿಂದಿನಿಂದ ಒಬ್ಬ ಹೆಂಗಸು ಒಂದೇ ಶಬ್ದ ಕಿರುಚಿದಳು. ಅದರ ಅರ್ಥವನ್ನೂ ಅವನು ಆಮೇಲೆ ತಿಳಿದುಕೊಂಡ: ದ್ರೋಹಿ. ಬರಿಯ ಶತ್ರುವಾಗಿದ್ದರೆ ಒಂದು ವೇಳೆ ಸೈನಿಕರಿಗೆ ಒಪ್ಪಿಸುತ್ತಿದ್ದರೇನೋ. ಮೊದಲ ಏಟು ಆ ಮುದುಕನದೇ.

"ನೀವೇನು ಮಾಡಿದಿರಿ?" ಎಂದು ಅವಳು ಕೇಳಿದ್ದಳು.

"ಕಾಲುವೇಲಿ ಮಲಗಿದ್ದೆ."

"ಮತ್ತೆ ಇದನ್ನ ಯಾರಿಗೂ ಹೇಳಲಿಲ್ಲ."

"ಹೇಳಿದ್ರೆ, ನೀನೆಲ್ಲಿದ್ದೆ ಅಂತ ಕೇಳ್ತಿದ್ರು," ಎಂದ ಹ್ಯಾಲೊರನ್. ಅವಳು ಅವನ ಕೈಗೆ ಟೋಪಿ ಕೊಟ್ಟಳು. ಕೇಕಿನ ಚೂರು ಅವನ ಕೋಟಿನ ಮೇಲೆ ಇನ್ನೂ ಇತ್ತು. ಒರೆಸಿಕೋ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಕೇಳಿದ್ದನ್ನು ಅಪ್ಪನಿಗೂ ಹೇಳಲಿಲ್ಲ. ಮುದುಕ ತಡೆದುಕೊಳ್ಳಲಾರ ಎಂಬುದು ಅವಳು ತನಗೆ ಕೊಟ್ಟುಕೊಂಡ ಕಾರಣ. ನಿಜವಾಗಿ, ಅಪ್ಪನಿಗೆ ಅದನ್ನು ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಚಾಚಿದ ಕೈ ಹಿಡಿಯದವನಿಗೆ ಮಗನ ಸಾವಿನಲ್ಲಿ ಪಾಲು ಯಾಕೆ.

ಮೂರು ಗಂಟೆಗೆ ಸಭಾಭವನದ ತಗಡಿನ ಮಾಡು ಬಿಸಿಲಿಗೆ ಟಕಟಕ ಎನ್ನುತ್ತಿತ್ತು. ಉದ್ದ ಮೇಜಿನ ಆಚೆ ಪ್ಯಾಸ್ಕೋ, ಅಧ್ಯಕ್ಷನಾದ ನಿವೃತ್ತ ಮೇಜರ್ ಎಲ್ಡರ್ಟನ್, ಮತ್ತು ಶ್ರೀಮತಿ ಕ್ರೌದರ್. ಪಟ್ಟಿಯಲ್ಲಿ ಇಬ್ಬರು ಮಕ್ಕಳ ಹೆಸರಿರುವವಳು; ಎರಡನೆಯವನು ಸತ್ತ ಮೇಲೆ ಅವಳ ತಲೆ ಸಣ್ಣಗೆ ಅದುರುತ್ತಿರುತ್ತದೆ, ಎಲ್ಲದಕ್ಕೂ ಬೇಡ ಬೇಡ ಎನ್ನುವ ಹಾಗೆ. ಗೋಡೆಯ ಪಕ್ಕ ಬೇರೆ ಮನೆಗಳವರು ಏಳೆಂಟು ಜನ ಕೂತಿದ್ದರು. ಮೇಜರ್ ಬಹಳ ಸೌಜನ್ಯದಿಂದ ಅವಳಿಗೆ ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ದಾಖಲೆಯಲ್ಲಿರೋ ಹೆಸರನ್ನೇ ಕೆತ್ತೋದು ಪದ್ಧತಿ," ಎಂದ ಮೇಜರ್. "ಇದರಲ್ಲಿ ಯಾರ ಮೇಲೂ ಯಾರಿಗೂ ದ್ವೇಷ ಇಲ್ಲ, ಮಿಸ್ ನೂಸ್ಕೆ."

"ಅವನಿಗೆ ಆ ಹೆಸರು ಯಾಕೆ ಬೇಕಾಯ್ತು ಅಂತ ಪದ್ಧತಿಗೆ ಗೊತ್ತಾ?"

"ಥೆಕ್ಲಾ," ಎಂದ ಪ್ಯಾಸ್ಕೋ ಮೆಲ್ಲಗೆ.

"ನೀವು ಸುಮ್ನಿರಿ. ನಿಮ್ಮ ಬಿಸ್ಕತ್ತು ನಾನು ತಿಂದಿದೀನಿ." ಗೋಡೆಯ ಪಕ್ಕ ಯಾರೋ ಕೆಮ್ಮಿದರು. ಅವಳು ಮೇಜರ್ ಕಡೆ ತಿರುಗಿದಳು. "ಆ ಹೆಸರನ್ನ ಅವನಿಗೆ ಕೊಟ್ಟೋಳು ನಾನು. ಈ ಊರಲ್ಲಿ ನನಗೆ ಬೆಣ್ಣೆ ಮಾರೋಕೆ ಬಿಡಲಿಲ್ಲ ಅಂತ ನನ್ನ ತಮ್ಮನ್ನ ಕಳಿಸ್ದೆ. ಅವನು ಹೋಗಲ್ಲ ಅಂದ, ನಾನು ಹೇಡಿ ಅಂದೆ. ಹೋದ. ವಿಮಾನ ಬಿದ್ದು ಸಾಯಲಿಲ್ಲ ಅವನು. ನೆಟ್ಟಗೆ ಇಳಿದ. ಅವನ ಜೊತೆಗಿದ್ದೋನು ನೋಡಿದಾನೆ, ಬಂದು ನನಗೆ ಹೇಳಿದಾನೆ."

ಆಗ ಬಾಗಿಲು ತೆರೆದುಕೊಂಡು ಬಿಸಿಲಿನ ಒಂದು ಪಟ್ಟೆ ನೆಲದ ಮೇಲೆ ಬಿತ್ತು. ಅಪ್ಪ. ಗೋಧಿಯ ಧೂಳು ಹುಬ್ಬಿನ ಮೇಲೆಲ್ಲ, ಟೋಪಿ ಎದೆಗೊತ್ತಿ ಹಿಡಿದು, ಚರ್ಚಿಗೆ ತಡವಾಗಿ ಬಂದವನ ಹಾಗೆ ಹಿಂದಿನ ಗೋಡೆಗೆ ಒರಗಿ ನಿಂತ. ಯಾಕೆ ಬಂದನೋ. ಅವಳನ್ನು ಕರೆದುಕೊಂಡು ಹೋಗಲು ಇರಬಹುದು. ಅವಳು ಕಂಡಳು. ಕಂಡೂ ನಿಲ್ಲಿಸಲಿಲ್ಲ. ನಿಲ್ಲಿಸಬಹುದೆಂಬುದು ತಿಳಿದಿತ್ತು, ಒಂದು ಉಸಿರಿನಷ್ಟು ಹೊತ್ತು, ಹಾಲು ಕರೆಯುವಾಗಿನ ಆ ಉರಿ ಮತ್ತೆ ಮೈಗೇರುವುದನ್ನು ನೋಡುತ್ತ ನಿಂತಳು. ಆಮೇಲೆ, ಸಮಿತಿಯ ಕಡೆ ಮುಖ ಮಾಡಿಕೊಂಡೇ, ಎಲ್ಲವನ್ನೂ ಅಪ್ಪನಿಗೆ ಹೇಳಿದಳು. ಟರ್ನಿಪ್ ಹೊಲ, ಗುದ್ದಲಿ, ಎತ್ತಿದ ಎರಡು ಕೈ. "ಹೊಡೀಬೇಡಿ, ನಾನು ನಿಮ್ಮವನೇ ಅಂದ. ಜರ್ಮನ್‌ನಲ್ಲಿ ಅಂದ. ಗುದ್ದಲೀಲಿ ಹೊಡೆದು ಕೊಂದ್ರು. ಇಲ್ಲಿ ನಾನು ನಿಮ್ಮವನೇ ಅಂತ ತೋರಿಸೋಕೆ ಹೋಗಿದ್ದ; ಅಲ್ಲೂ ಅದನ್ನೇ ಹೇಳಿ ಸತ್ತ. ಈಗ ಕಲ್ಲಿನ ಮೇಲೆ ಬಿತ್ತೋ ಯಂತ್ರದೋನ ಹೆಸರು ಹಾಕ್ತೀನಿ ಅಂತೀರಿ." ಜನ ನಿಂತದ್ದನ್ನು, ಮುದುಕ ಮಾತಾಡಿಸಿದ್ದನ್ನು, ಹೆಂಗಸು ಕಿರುಚಿದ ಶಬ್ದವನ್ನು ಮಾತ್ರ ಹೇಳಲಿಲ್ಲ. ಆ ಶಬ್ದವನ್ನು ಈ ಊರಿನ ಬಾಯಿಗೆ ಕೊಡಲು ಅವಳು ತಯಾರಿರಲಿಲ್ಲ.

ತಗಡು ಟಕಟಕ ಎಂದಿತು. ಶ್ರೀಮತಿ ಕ್ರೌದರ್ ಅದುರುವ ತಲೆಯನ್ನು ಒಂದು ಕೈಯಿಂದ ಹಿಡಿದುಕೊಂಡು, "ಅವರೇ ಕೊಂದ್ರಾ," ಎಂದಳು. "ಅಯ್ಯೋ ಪಾಪ. ನಮ್ಮ ಹುಡುಗನ್ನ ಆ ಪಾಪಿಗಳು. ಹಾಕಿ ಪ್ಯಾಸ್ಕೋ. ಅವನ ಮನೆ ಹೆಸರೇ ಹಾಕಿ. ನನ್ನ ಡೆನಿಸ್‌ನ ಪಕ್ಕದಲ್ಲೇ ಇರ್ಲಿ." ಮೇಜರ್ ತಲೆಯಾಡಿಸಿದ. ಪ್ಯಾಸ್ಕೋ ಪೆನ್ಸಿಲಿನಿಂದ ಹನ್ನೊಂದನೆಯ ಹೆಸರನ್ನು ಹೊಡೆದು ಪಕ್ಕದಲ್ಲಿ ಬರೆದ. ಬರೆಯುವಾಗ ಅವನ ಕಣ್ಣು ಒದ್ದೆಯಾಗಿತ್ತು, ಅದು ನಟನೆಯಾಗಿರಲಿಲ್ಲ. ಥೆಕ್ಲಾಳನ್ನು ಅದೇ ಇನ್ನಷ್ಟು ರೇಗಿಸಿತು. ಇಪ್ಪತ್ನಾಲ್ಕು ವರ್ಷ ಇಲ್ಲಿ ಹುಟ್ಟಿ ಬೆಳೆದು ಉತ್ತು ಬಿತ್ತಿದಾಗ ಆಗದವನು ಜರ್ಮನರ ಗುದ್ದಲಿಗೆ ಸಿಕ್ಕ ಮೇಲೆ ನಮ್ಮ ಹುಡುಗನಾದ. ಅವಳು ಕೇಳಿದ್ದನ್ನೇ ಕೊಟ್ಟಿದ್ದರು. ಎಸೆಯಲು ಕೈಯಲ್ಲಿ ಏನೂ ಇರಲಿಲ್ಲ. ಹಿಂದಿರುಗಿ ನೋಡಿದಾಗ ಗೋಡೆಯ ಹತ್ತಿರ ಅಪ್ಪ ಇರಲಿಲ್ಲ.

ಮುದುಕ ಲಾರಿಯಲ್ಲಿ ಕೂತಿದ್ದ, ಎಡಗಡೆ. ಅವನಿದ್ದಾಗ ಬೇರೆಯವರು ಲಾರಿ ನಡೆಸಿದ್ದಿಲ್ಲ. ಕಣ್ಣು ಎದುರಿನ ಗಾಜಿನ ಮೇಲೆ ಸತ್ತು ಒಣಗಿದ ಮಿಡತೆಗಳ ಕಡೆಗಿತ್ತು. ಅವಳು ಹತ್ತಿ ಬಲಗಡೆ ಕೂತಳು. ಸೀಟು ಕಾಲಿಗೆ ಸುಡುತ್ತಿತ್ತು. ಬೈಯಲಿ ಎಂದು ಕಾದಳು. ಇಷ್ಟು ಜನರೆದುರು ಯಾಕೆ, ಮನೆಯಲ್ಲಿ ಏಳು ತಿಂಗಳು ಬಾಯಿ ಮುಚ್ಚಿಕೊಂಡು ಯಾಕೆ ಎಂದು ಕೇಳಲಿ. ಕೇಳಿದರೆ ಕೊಡಲಿಕ್ಕೆ ಅವಳ ಬಳಿ ಉತ್ತರ ಇತ್ತು, ಬೇರುಗಟ್ಟಿಗೆಯದು, ಉಪ್ಪಿನದು, ಚಾಚಿದ ಕೈಯದು. ಅದನ್ನೆಲ್ಲ ನಾಲಿಗೆಯ ಮೇಲೆ ಜೋಡಿಸಿಕೊಂಡೇ ಕೂತಿದ್ದಳು. ಮುದುಕನ ಕೆಳದವಡೆ ಅಲುಗುತ್ತಿತ್ತು, ಕಟ್ಟುಹಲ್ಲು ಒಳಗೇ ಒಂದಕ್ಕೊಂದು ತಾಗಿ ಸಣ್ಣ ಸದ್ದು ಮಾಡುತ್ತಿತ್ತು.

"ಯಾವ ಮಾತಲ್ಲಿ ಅಂದ?" ಎಂದ ಕೊನೆಗೆ. ಮನೆಯ ಮಾತಿನಲ್ಲಿ ಕೇಳಿದ, ಊರ ನಡುಬೀದಿಯಲ್ಲಿ.

"ಜರ್ಮನ್‌ನಲ್ಲಿ ಅಂದೆನಲ್ಲ."

"ಅದಲ್ಲ. ಹ್ಯಾಗೆ ಅಂದ? ಆ ಮನುಷ್ಯ ನಿನಗೆ ಹೇಳಿದ ಹಾಗೇ ಹೇಳು."

ಅವಳು ಹೇಳಿದಳು. ಹ್ಯಾಲೊರನ್‌ನ ತಪ್ಪುಗಳನ್ನು ತಿದ್ದಿ, ಎವಾಲ್ಡ್ ಹೇಗೆ ಹೇಳಿರಬಹುದೋ ಹಾಗೆ. ಮುದುಕ ಕಣ್ಣು ಮುಚ್ಚಿ ಕೇಳಿದ. ಇನ್ನೊಂದು ಸಲ ಹೇಳು ಎಂದ. ಹೇಳಿದಳು. ಅವನ ತುಟಿಗಳು ಆ ಶಬ್ದಗಳನ್ನು ಒಂದೊಂದಾಗಿ ಮುಟ್ಟಿ ನೋಡಿದವು.

"ಇದು ನನ್ನಮ್ಮನ ಮಾತು," ಎಂದ. "ನಿಮ್ಮಜ್ಜೀದು. ನೂರು ವರ್ಷದ ಹಿಂದೆ ಹಿರಿಯರು ಸೈಲೀಷಿಯಾ ಸೀಮೆಯಿಂದ ಹಡಗಿನಲ್ಲಿ ತಂದದ್ದು. ಶಾಲೇಲಿ ಕಲಿಸೋದು ಇದಲ್ಲ. ಅವನು ಬಿದ್ದ ಕಡೆಯೋರು ಇದನ್ನ ಕೇಳಿರೋದೇ ಇಲ್ಲ." ಮಗಳ ಕಡೆ ತಿರುಗಿದ. ಅವನ ಮುಖವನ್ನು ಅವಳು ಇಷ್ಟು ಹತ್ತಿರದಿಂದ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಬೆವರು ಧೂಳಿನಲ್ಲಿ ಗೆರೆ ಕೊರೆದಿತ್ತು, ಬೆವರಲ್ಲದ್ದೂ ಇರಬಹುದು. "ಅವರಿಗೆ ಅರ್ಥ ಆಗಿರೋದಿಲ್ಲ ಥೆಕ್ಲಾ. ಆಗಿದ್ರೆ ಹೊಡೀತಿರಲಿಲ್ಲ. ಅಲ್ವಾ?"

ಗುದ್ದಲಿ ಕೆಳಗಿಳಿಸಿದ ಮುದುಕ. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ಮಾತುಕತೆಯ ಹಾಗೇ ಇತ್ತು. ಅದು ಅವಳ ಬಾಯಿಯೊಳಗೆ ಇತ್ತು, ಹಲ್ಲಿನ ಹಿಂದೆಯೇ, ಕೊಟ್ಟುಬಿಟ್ಟರೆ ಈ ಮನುಷ್ಯನ ಉಳಿದ ದಿನಗಳಿಗೆಲ್ಲ ಸಾಕಾಗುವಷ್ಟು ಶಿಕ್ಷೆ. ಕೊಡಬೇಕೆಂದು ಅವಳಿಗೆ ಈಗಲೂ ಅನಿಸುತ್ತಿತ್ತು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೌದಪ್ಪ," ಎಂದಳು. "ಅರ್ಥ ಆಗಿರಲಿಕ್ಕಿಲ್ಲ."

ಹೇಳಿದ ಮೇಲೆ, ಇದನ್ನು ಇನ್ನು ಯಾವತ್ತೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲವೆಂದು ತಿಳಿದು, ಗೇರು ಹಾಕಿದಳು.